ಹೆಣ ಹೂಳುವ ಹಕ್ಕು: ಅಂತಿಗೊನೆ ರಾಬೆನ್ ದ್ವೀಪಕ್ಕೆ ಹೋದ ಕತೆ

ಗ್ರೀಕ್ ನಾಟಕ ಕಟ್ಕೊಂಡು ನಮಗೇನಾಗ್ಬೇಕು ಅಂತ ನಮ್ಮ ಹುಡುಗರು ಆಗಾಗ ಕೇಳ್ತಾ ಇರ್ತಾರೆ. ನ್ಯಾಯವಾದ ಪ್ರಶ್ನೆ. ರಾಜರ ಮನೆ ಜಗಳ, ರಾಜಕುಮಾರಿಯ ಹಟ, ಕೊನೆಗೆ ಎಲ್ಲರೂ ಸಾಯೋದು. ಅದನ್ನ ಕಾಲೇಜು ಮೇಷ್ಟ್ರುಗಳು ಓದಿಕೊಳ್ಳಲಿ ಬಿಡಿ ಅನ್ನಿಸೋದು ಸಹಜ. ಆದ್ರೆ ಒಂದು ಗ್ರೀಕ್ ನಾಟಕವನ್ನ ಕರಿಯರು ಜೈಲಿನೊಳಗೆ ಎಳೆದುಕೊಂಡು ಹೋಗಿ ತಮ್ಮದನ್ನಾಗಿ ಮಾಡಿಕೊಂಡ ಚರಿತ್ರೆ ಇದೆ. ಅದನ್ನ ಸ್ವಲ್ಪ ವಿವರವಾಗಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಉದ್ದ ಇದೆ, ಸಮಾಧಾನವಾಗಿ ಓದಿ.

ಬ್ಲ್ಯಾಕ್ ಪ್ಯಾಂಥರ್ ಸಿನಿಮಾ ನೋಡಿದವರಿಗೆ ಆ ಮುದಿ ರಾಜ ಟಿ'ಚಾಕಾ ನೆನಪಿರಬಹುದು. ಆ ಪಾತ್ರ ಮಾಡಿದವರು ಜಾನ್ ಕಾನಿ. ಈ ಕತೆಯ ಅರ್ಧಭಾಗ ಅವರದ್ದೇ.

ಮೊದಲು ನಾಟಕ. ಸೋಫೋಕ್ಲಿಸ್ ಇದನ್ನ ಬರೆದದ್ದು ಕ್ರಿ.ಪೂ. 441ರ ಸುಮಾರಿಗೆ, ಅಥೆನ್ಸಿನಲ್ಲಿ. ಥೀಬ್ಸ್ ಪಟ್ಟಣದ ಗದ್ದುಗೆಗಾಗಿ ಅಣ್ಣ ತಮ್ಮಂದಿರಿಬ್ಬರು ಹೊಡೆದಾಡಿ ಇಬ್ಬರೂ ಸಾಯ್ತಾರೆ. ಸೋದರಮಾವ ಕ್ರಿಯೋನ್ ರಾಜ ಆಗ್ತಾನೆ. ಊರಿನ ಪರ ನಿಂತವನಿಗೆ ಸಕಲ ಮರ್ಯಾದೆಯ ಮಣ್ಣು. ಊರಿನ ಮೇಲೆ ದಂಡೆತ್ತಿ ಬಂದ ಪಾಲಿನೈಸಿಸ್‌ನ ಹೆಣವನ್ನು ಮಾತ್ರ ಯಾರೂ ಮುಟ್ಟಕೂಡದು, ನಾಯಿ ನರಿ ಹದ್ದು ತಿನ್ನಲಿ, ಹೂಳಿದವರಿಗೆ ಮರಣದಂಡನೆ ಅಂತ ಡಂಗುರ ಸಾರಿಸ್ತಾನೆ. ತಂಗಿ ಅಂತಿಗೊನೆ ಹೋಗಿ ಹಿಡಿ ಮಣ್ಣು ಹಾಕಿ ಬರ್ತಾಳೆ. ಸಿಕ್ಕಿಬೀಳ್ತಾಳೆ. ನಾನು ಮಾಡಿದ್ದೇ ಹೌದು ಅಂತ ರಾಜನ ಮುಂದೆ ನಿಲ್ತಾಳೆ. ಅವಳನ್ನ ಜೀವಂತ ಗವಿಯೊಳಗೆ ಹಾಕಿ ಮುಚ್ಚಿಸ್ತಾನೆ.

ಅಂತಿಗೊನೆ ಅನ್ನೋ ಈ ಉಚ್ಚಾರ ನಮಗೆ ಬಂದದ್ದು ಪಿ. ಲಂಕೇಶರಿಂದ. 'ದೊರೆ ಈಡಿಪಸ್' ಜತೆಗೆ ಇದನ್ನೂ ಅವರು ಕನ್ನಡಕ್ಕೆ ತಂದರು. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಲ್ಲಿ ಆಡಿಸಿದ ಈಡಿಪಸ್ ಬಗ್ಗೆ ನಮ್ಮ ರಂಗಭೂಮಿಯವರು ಈಗಲೂ ಮಾತಾಡ್ತಾರೆ. ಅಂತಿಗೊನೆ ಬಗ್ಗೆ ಅಷ್ಟು ಮಾತು ನಾನು ಕೇಳಿಲ್ಲ. ಇನ್ನೊಂದು ಸ್ವಾರಸ್ಯ. ಅದಕ್ಕೂ ಬಹಳ ಮುಂಚೆ, 1929ರಲ್ಲೇ ಬಿ.ಎಂ.ಶ್ರೀ. ಅವರು 'ಅಶ್ವತ್ಥಾಮನ್' ಬರೆದಾಗ ಆಧಾರಕ್ಕೆ ಇಟ್ಟುಕೊಂಡದ್ದು ಇದೇ ಸೋಫೋಕ್ಲಿಸ್‌ನ 'ಏಜಾಕ್ಸ್'. ಆ ಮೂಲ ನಾಟಕದ ಕೊನೆಯರ್ಧ ಪೂರ್ತಿ ಹೆಣ ಹೂಳಬೇಕೋ ಬೇಡವೋ ಅನ್ನುವ ಜಗಳವೇ. ಅಂದ್ರೆ ಕನ್ನಡಕ್ಕೆ ಗ್ರೀಕರು ಬರುವಾಗಲೇ ಒಂದು ಹೆಣ ಹೊತ್ತುಕೊಂಡು ಬಂದಿದ್ದಾರೆ. ನಮ್ಮ ವಿಮರ್ಶಕರು ಅದರಲ್ಲಿ ರುದ್ರರಸ ಹುಡುಕಿದರು, ಸ್ಮಶಾನ ಹುಡುಕಲಿಲ್ಲ.

ಈಗ ದಕ್ಷಿಣ ಆಫ್ರಿಕಾಕ್ಕೆ ಹೋಗೋಣ.

ಪೋರ್ಟ್ ಎಲಿಜಬೆತ್ ಅನ್ನೋ ಊರು, ಅದರ ಪಕ್ಕ ಕರಿಯರಿಗೆ ಅಂತ ಕಟ್ಟಿದ ನ್ಯೂ ಬ್ರೈಟನ್ ಅನ್ನೋ ಕೇರಿ. ಕೇರಿ ಅಂತ ಬೇಕೆಂದೇ ಬರೀತಿದೀನಿ. ಊರಿಗೆ ದುಡಿಯೋಕೆ ಹೋಗಬಹುದು, ರಾತ್ರಿ ವಾಪಸ್ ಬಂದುಬಿಡಬೇಕು. ಕಿಸೆಯಲ್ಲಿ ಪಾಸ್‌ಬುಕ್ ಇರಲೇಬೇಕು. ಇಲ್ಲದಿದ್ರೆ ಜೈಲು. ಅಲ್ಲಿಯ ಕೆಲವರು 1963ರಲ್ಲಿ ಒಂದು ನಾಟಕದ ತಂಡ ಕಟ್ಟಿದರು. ಕಾರ್ಖಾನೆ ಕೆಲಸದವರು, ಗುಮಾಸ್ತರು, ಮೇಷ್ಟ್ರುಗಳು ಇಂಥವರೆಲ್ಲ. ಜತೆಗೆ ಅಥಾಲ್ ಫ್ಯುಗಾರ್ಡ್ ಅನ್ನುವ ಬಿಳಿಯ ನಾಟಕಕಾರ. ಊರಿನ ಮ್ಯೂಸಿಯಮ್ಮಿನಲ್ಲಿ ಹಿಂದೆ ಹಾವುಗಳನ್ನ ಇಡ್ತಿದ್ದ ಒಂದು ಗುಂಡಿ ಇತ್ತಂತೆ. ಅದನ್ನೇ ರಂಗಸ್ಥಳ ಮಾಡಿಕೊಳ್ಳೋ ಯೋಚನೆಯಿಂದ ತಂಡಕ್ಕೆ ಸರ್ಪೆಂಟ್ ಪ್ಲೇಯರ್ಸ್ ಅನ್ನೋ ಹೆಸರು ಬಂತು.

ಇವರು ಹಳೇ ನಾಟಕಗಳಿಗೇ ಯಾಕೆ ಕೈಹಾಕಿದರು? ನನಗೆ ಎರಡು ಕಾರಣ ಕಾಣುತ್ತೆ. ಒಂದು, 1963ರಲ್ಲಿ ಹೊರದೇಶದ ಹಲವು ದೊಡ್ಡ ನಾಟಕಕಾರರು ವರ್ಣಭೇದದ ರಂಗಮಂದಿರಗಳಿಗೆ ನಮ್ಮ ನಾಟಕ ಕೊಡಲ್ಲ ಅಂತ ಸಹಿ ಹಾಕಿದ್ದರು. ಒಳ್ಳೆಯ ಕೆಲಸವೇ. ಸತ್ತು ಎರಡು ಸಾವಿರ ವರ್ಷ ಆದವನ ಅನುಮತಿ ಮಾತ್ರ ಯಾರೂ ಕೇಳಬೇಕಿಲ್ಲ, ರಾಯಲ್ಟಿನೂ ಇಲ್ಲ. ಎರಡು, ಪೊಲೀಸರಿಗೂ ಸೆನ್ಸಾರಿನವರಿಗೂ ಕ್ಲಾಸಿಕ್ ಅಂದ್ರೆ ಸ್ಕೂಲಿನ ಪಠ್ಯ. ಗ್ರೀಕ್ ಹೆಸರು ನೋಡಿದ ತಕ್ಷಣ ಆಕಳಿಸ್ತಾರೆ. ಆ ಆಕಳಿಕೆಯ ಸಂದಿಯಲ್ಲಿ ನುಸುಳಬಹುದು.

1965ರಲ್ಲಿ ಸರ್ಪೆಂಟ್ ಪ್ಲೇಯರ್ಸ್ ಅಂತಿಗೊನೆ ಎತ್ತಿಕೊಂಡರು. ಜಾನ್ ಕಾನಿ ತಂಡಕ್ಕೆ ಬಂದದ್ದೂ ಆ ಹೊತ್ತಿಗೇ. ತಾಲೀಮು ನಡೆಯುವ ಕಾಲಕ್ಕೇ ತಂಡದವರ ಮೇಲೆ ಪೊಲೀಸರ ಕಣ್ಣು ಬಿದ್ದಿತ್ತು. ಪಾತ್ರಧಾರಿಯೊಬ್ಬನನ್ನ ಹಿಡಿದು ರಾಬೆನ್ ದ್ವೀಪಕ್ಕೆ ಹಾಕಿದರು. ರಾಬೆನ್ ದ್ವೀಪ ಅಂದ್ರೆ ಗೊತ್ತಲ್ಲ, ಕೇಪ್‌ಟೌನಿನ ಎದುರಿಗೆ ಸಮುದ್ರದಲ್ಲಿರೋ ಕಲ್ಲುಗಣಿಯ ಜೈಲು. ನೆಲ್ಸನ್ ಮಂಡೇಲಾ 1964ರಿಂದ 1982ರವರೆಗೆ ಇದ್ದದ್ದು ಅಲ್ಲೇ. ಹೊರಗೆ ಆಡಲಿಕ್ಕಾಗದ ಆ ನಾಟಕವನ್ನ ಆತ ಒಳಗೆ, ಕೈದಿಗಳ ಮನರಂಜನೆ ಕಾರ್ಯಕ್ರಮದಲ್ಲಿ, ನೆನಪಿದ್ದಷ್ಟನ್ನ ಸೇರಿಸಿ ಸಣ್ಣದು ಮಾಡಿಕೊಂಡು ಆಡಿದ. ಈ ಸುದ್ದಿ ಹೊರಗಿದ್ದ ಗೆಳೆಯರಿಗೆ ಮುಟ್ಟಿತು.

ಅದೇ ದ್ವೀಪದಲ್ಲಿ ಕೈದಿಗಳು ಕ್ರಿಸ್‌ಮಸ್ ಹೊತ್ತಿಗೆ ನಾಟಕ ಆಡ್ತಿದ್ರು. ಒಂದು ಸಲ ಅಂತಿಗೊನೆ ಆಡಿದಾಗ ಮಂಡೇಲಾ ಯಾವ ಪಾತ್ರ ಮಾಡಿದ್ರು ಗೊತ್ತಾ? ಕ್ರಿಯೋನ್‌ದು! ಜೀವಾವಧಿ ಶಿಕ್ಷೆಯಾದವನು ಶಿಕ್ಷೆ ಕೊಡುವ ರಾಜ. ಅವರ ಆತ್ಮಕತೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಅಂತಿಗೊನೆ ಅನ್ಯಾಯದ ಕಾನೂನನ್ನ ಮುರಿದವಳು, ಹಾಗಾಗಿ ನಮ್ಮ ಹೋರಾಟದ ಪ್ರತೀಕ ಅನ್ನೋದನ್ನ ಹೇಳ್ತಾರೆ, ಅದು ಸರಿಯೇ. ನನ್ನನ್ನ ಹಿಡಿದು ನಿಲ್ಲಿಸಿದ್ದು ಕ್ರಿಯೋನ್ ಬಗ್ಗೆ ಅವರ ಮಾತು. ಶುರುವಿನಲ್ಲಿ ಅವನು ವಿವೇಕದ ಮಾತಾಡ್ತಾನೆ, ನಾಯಕನಿಗೆ ಅನುಭವ ಬೇಕು ಅಂತಾನೆ, ಆಮೇಲೆ ಕಿವಿ ಮುಚ್ಚಿಕೊಳ್ತಾನೆ, ಕರುಣೆ ಕಳೆದುಕೊಳ್ತಾನೆ. ಅಧಿಕಾರ ಸಿಗೋದಕ್ಕೆ ಎಷ್ಟೋ ವರ್ಷ ಮುಂಚೆ ಆ ಮನುಷ್ಯ ಜೈಲಲ್ಲಿ ಕೂತು, ಅಧಿಕಾರ ನಾಯಕನನ್ನ ಏನು ಮಾಡುತ್ತೆ ಅನ್ನೋದನ್ನ ಮೈಮೇಲೆ ಹಾಕಿಕೊಂಡು ನೋಡ್ತಿದ್ದಾನೆ. ನಮ್ಮ ಸಂಘಟನೆಗಳ ಒಡಕುಗಳನ್ನ ಹತ್ತಿರದಿಂದ ಕಂಡವರಿಗೆ ಇದು ಬೇಗ ಅರ್ಥ ಆಗುತ್ತೆ ಅಂತ ಬಿಡಿಸಿ ಹೇಳಲ್ಲ.

1973ರ ಜುಲೈ. ಕೇಪ್‌ಟೌನಿನ ದಿ ಸ್ಪೇಸ್ ರಂಗಮಂದಿರ, ವರ್ಣಭೇದದ ಕಟ್ಟಳೆಗೆ ಸೊಪ್ಪು ಹಾಕದ ಜಾಗ. ಫ್ಯುಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ಎನ್‌ಚೋನಾ ಮೂವರೂ ಸೇರಿ ಕಟ್ಟಿದ ನಾಟಕ ಆಡಿದರು. ಇವತ್ತು ಅದನ್ನ 'ದಿ ಐಲ್ಯಾಂಡ್' ಅಂತ ಕರೀತೀವಿ. ಅವತ್ತು ಆ ಹೆಸರಿಡುವ ಹಾಗಿರಲಿಲ್ಲ. ಜೈಲಿನ ಬಗ್ಗೆ ಬಾಯಿ ಬಿಟ್ಟರೇ ಅಪರಾಧ. ಹಾಗಾಗಿ 'ಡಿ ಹೊಡೋಶೆ ಸ್ಪಾನ್' ಅಂತ ಇಟ್ಟರು, ಅಂದ್ರೆ ಹೊಡೋಶೆಯ ಕೆಲಸದ ಗ್ಯಾಂಗು. ಹೊಡೋಶೆ ಅಂದ್ರೆ ಕೋಸಾ ಭಾಷೆಯಲ್ಲಿ ಹೆಣಕ್ಕೆ ಮುತ್ತುವ ಹಸಿರು ನೊಣ. ನಾಟಕದಲ್ಲಿ ಜೈಲು ವಾರ್ಡರನಿಗೆ ಕೈದಿಗಳು ಇಟ್ಟ ಅಡ್ಡಹೆಸರು.

ನಾಟಕ ಶುರುವಾಗೋದು ಮಾತಿಲ್ಲದೆ. ಕಡಲ ದಂಡೆ. ಇಬ್ಬರು ಕೈದಿಗಳು ಮರಳು ಅಗೆದು ಕೈಗಾಡಿಗೆ ತುಂಬ್ತಾರೆ. ಇವನು ತುಂಬಿದ್ದನ್ನ ತಳ್ಳಿಕೊಂಡು ಹೋಗಿ ಅವನ ಗುಂಡಿಗೆ ಸುರೀತಾನೆ. ಅವನು ತುಂಬಿದ್ದನ್ನ ಇವನ ಗುಂಡಿಗೆ. ಗುಂಡಿ ತುಂಬೋದೂ ಇಲ್ಲ, ಮರಳು ಮುಗಿಯೋದೂ ಇಲ್ಲ. ಬಹಳ ಹೊತ್ತು ಇದೇ. ನೋಡುವವರಿಗೆ ತಾಳ್ಮೆ ಕೆಡಬೇಕು, ಕೆಡಲಿ ಅಂತಲೇ ಅಷ್ಟು ಹೊತ್ತು. ಆಮೇಲೆ ಒಂದೇ ಸೆಲ್ಲು, ಎರಡು ಕಂಬಳಿ, ಒಂದು ಬಕೆಟ್ಟು, ತಗಡಿನ ಲೋಟ. ಕೈದಿಗಳ ಹೆಸರು ಜಾನ್ ಮತ್ತು ವಿನ್‌ಸ್ಟನ್. ಆಡಿದವರ ಸ್ವಂತ ಹೆಸರುಗಳೇ! ಖಾಲಿ ಲೋಟವನ್ನೇ ಫೋನ್ ಮಾಡಿಕೊಂಡು ಊರಿನ ಗೆಳೆಯರ ಜತೆ ಮಾತಾಡ್ತಾರೆ. ಇನ್ನು ಆರು ದಿನಕ್ಕೆ ಜೈಲಿನ ಕಾರ್ಯಕ್ರಮ, ಅದರಲ್ಲಿ ಅಂತಿಗೊನೆಯ ವಿಚಾರಣೆಯ ದೃಶ್ಯ ಆಡಬೇಕು. ಜಾನ್ ಕ್ರಿಯೋನ್. ವಿನ್‌ಸ್ಟನ್ ಅಂತಿಗೊನೆ.

ವಿನ್‌ಸ್ಟನ್‌ಗೆ ಇಷ್ಟ ಇಲ್ಲ. ಹಗ್ಗದ ಎಳೆಯಿಂದ ಮಾಡಿದ ಕೂದಲು, ಸುಳ್ಳು ಮೊಲೆ ಕಟ್ಟಿಕೊಂಡು ನಿಂತಾಗ ಜಾನ್ ಬಿದ್ದು ಬಿದ್ದು ನಗ್ತಾನೆ. ಇವನಿಗೆ ಸಿಟ್ಟು. ಗಂಡಸಾಗಿ ಇಲ್ಲಿ ಎಲ್ಲ ಕಳಕೊಂಡಾಯ್ತು, ಈಗ ಹೆಂಗಸಿನ ವೇಷವೂ ಬೇಕಾ ಅನ್ನೋ ಅವಮಾನ. ಇದರಲ್ಲಿ ಗಂಡಸಿನ ಜಂಭವೂ ಇದೆ, ನಾಟಕ ಅದನ್ನ ಮುಚ್ಚಿಡಲ್ಲ. ಜತೆಗೆ ಇನ್ನೊಂದು ತಕರಾರು ತೆಗೀತಾನೆ: ಇದೆಲ್ಲ ಕಟ್ಟುಕತೆ, ನಾನು ದಿನಾ ಅನುಭವಿಸ್ತಿರೋದು ನಿಜವಾದ ಜೈಲು. ನಮ್ಮ ಹುಡುಗರ ಪ್ರಶ್ನೆ ಇದೇ ಅಲ್ವಾ?

ಅಷ್ಟರಲ್ಲಿ ಜಾನ್‌ನ ಅಪೀಲು ಗೆದ್ದು ಶಿಕ್ಷೆ ಕಡಿಮೆಯಾಗುತ್ತೆ, ಇನ್ನು ಮೂರೇ ತಿಂಗಳು. ವಿನ್‌ಸ್ಟನ್‌ದು ಜೀವಾವಧಿ. ಅವನ ಅಪರಾಧ ಪೊಲೀಸ್ ಠಾಣೆ ಮುಂದೆ ಪಾಸ್‌ಬುಕ್ ಸುಟ್ಟದ್ದು. ಗೆಳೆಯನ ಬಿಡುಗಡೆಯ ಸಂಭ್ರಮ ನಿಧಾನವಾಗಿ ಹೊಟ್ಟೆಕಿಚ್ಚಾಗಿ ತಿರುಗುವ ಒಂದು ರಾತ್ರಿ ಇದೆ. ಹೋರಾಟದ ನಾಟಕಗಳಲ್ಲಿ ಇಷ್ಟು ಪ್ರಾಮಾಣಿಕವಾದ ರಾತ್ರಿಯನ್ನ ನಾನು ಬಹಳ ಕಡಿಮೆ ಓದಿದ್ದೀನಿ.

ಕೊನೆಗೆ ಕಾರ್ಯಕ್ರಮದ ದಿನ ವಿನ್‌ಸ್ಟನ್ ವೇಷ ಕಟ್ಟಿಕೊಂಡು ಬರ್ತಾನೆ. ರಂಗಮಂದಿರದಲ್ಲಿ ಕೂತ ನಾವೇ ಈಗ ಜೈಲಿನ ಪ್ರೇಕ್ಷಕರು, ಮುಂದಿನ ಸಾಲಿನಲ್ಲಿ ವಾರ್ಡರುಗಳು ಅಂತ ಲೆಕ್ಕ. ವಿಚಾರಣೆ ಆಗುತ್ತೆ. ಗವಿಗೆ ಹಾಕುವ ಶಿಕ್ಷೆಯೂ ಆಗುತ್ತೆ, ದ್ವೀಪಕ್ಕೆ ಕರೆದೊಯ್ಯಿರಿ ಅನ್ನೋ ಅರ್ಥದಲ್ಲಿ. ಆಗ ಅವನು ಕೂದಲು ಕಿತ್ತೆಸೆದು ತನ್ನ ಮುಖದಲ್ಲೇ ಕೊನೆಯ ಮಾತಾಡ್ತಾನೆ.

ಆ ಕೂದಲು ಕಿತ್ತೆಸೆಯೋದು ಯಾಕೆ ಮುಖ್ಯ ಅನ್ನೋದಕ್ಕೆ ಮೂಲ ನಾಟಕದ ಒಂದು ಜಾಗಕ್ಕೆ ಹಿಂತಿರುಗಬೇಕು. ಕ್ರಿಯೋನ್ ಜತೆ ವಾದ ಮಾಡುವಾಗ ಅಂತಿಗೊನೆ ಒಂದು ಮಾತು ಹೇಳ್ತಾಳೆ, ಸತ್ತವನು ಗುಲಾಮನಲ್ಲ, ನನ್ನ ಅಣ್ಣ ಅನ್ನುವ ಅರ್ಥದ್ದು. ಮೊದಲ ಸಲ ಓದಿದಾಗ ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಅಂದ್ರೆ ಗುಲಾಮನಾಗಿದ್ರೆ? ಹದ್ದು ತಿಂದ್ರೂ ಪರವಾಗಿಲ್ವಾ? ಅಥೆನ್ಸ್ ನಗರ ಗುಲಾಮರ ಬೆನ್ನ ಮೇಲೆ ನಿಂತಿತ್ತು. ಲೋಕವೆಲ್ಲ ಮಾನವೀಯತೆಯ ದೇವತೆ ಅಂತ ಪೂಜಿಸುವ ಈ ಹೆಣ್ಣಿಗೂ ಗುಲಾಮನ ಹೆಣ ಹೆಣವಲ್ಲ. ಈ ಸಾಲನ್ನ ದಾಟಿಕೊಂಡು ಹೋಗುವ ವ್ಯಾಖ್ಯಾನಗಳನ್ನ ನಾನು ನಂಬಲ್ಲ.

ವಿನ್‌ಸ್ಟನ್ ರಾಜಕುಮಾರಿಯ ಕೂದಲು ತೆಗೆದಾಗ ಅಡಿಯಲ್ಲಿ ಕಾಣೋದು ಆ ಗುಲಾಮನ ಮುಖ. ಸೋಫೋಕ್ಲಿಸ್ ಹೊರಗಿಟ್ಟವನೇ ಬಂದು ಸೋಫೋಕ್ಲಿಸ್‌ನ ಮಾತು ಆಡ್ತಿದ್ದಾನೆ. ಕ್ಲಾಸಿಕ್ ನಮಗೆ ದಾರಿ ತೋರಿಸ್ತು, ಸಾರ್ವಕಾಲಿಕ ಮೌಲ್ಯ, ಹಂಗೆ ಹಿಂಗೆ ಅನ್ನೋರಿಗೆ ಹೇಳಬೇಕಾದ್ದು ಇಷ್ಟೇ: ಅಲ್ಲಿ ಇರದ ಮೌಲ್ಯವನ್ನ ಕರಿಯರು ಒಳಗೆ ತುಂಬಿದರು.

ಇದಾದ ಮೇಲೆ ಗಡಿಗಳ ಕತೆ ಶುರು. ಫ್ಯುಗಾರ್ಡ್‌ನ ಪಾಸ್‌ಪೋರ್ಟನ್ನ ಸರ್ಕಾರ 1967ರಲ್ಲಿ ಕಿತ್ತುಕೊಂಡು ನಾಲ್ಕು ವರ್ಷ ಇಟ್ಟುಕೊಂಡಿತ್ತು. ಕಾನಿ, ಎನ್‌ಚೋನಾರದ್ದು ಇನ್ನೂ ವಿಚಿತ್ರ. ಕರಿಯರ ಪಾಸ್‌ಬುಕ್ಕಿನಲ್ಲಿ ನಟ ಅನ್ನೋ ಉದ್ಯೋಗವೇ ಇರಲಿಲ್ಲ. ಹಾಗಾಗಿ ಕಾಗದದ ಮೇಲೆ ಇಬ್ಬರೂ ಫ್ಯುಗಾರ್ಡ್ ಮನೆಯ ಆಳುಗಳು. ಆ ಆಳುಗಳು ಲಂಡನ್ನಿನ ರಾಯಲ್ ಕೋರ್ಟ್‌ನಲ್ಲಿ ಆಡಿದರು, 1974ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದರು. 1975ರಲ್ಲಿ 'ಐಲ್ಯಾಂಡ್' ಮತ್ತು 'ಸಿಜ್ವೆ ಬಾನ್ಜಿ ಈಸ್ ಡೆಡ್' ಎರಡಕ್ಕೂ ಸೇರಿ ಇಬ್ಬರಿಗೂ ಒಟ್ಟಿಗೆ ಟೋನಿ ಪ್ರಶಸ್ತಿ ಬಂತು. ಊರಿಗೆ ವಾಪಸ್ ಬಂದ್ರೆ ಮತ್ತೆ ಅದೇ ಪಾಸ್‌ಬುಕ್ಕು. ನಮ್ಮ ತಮಟೆ ಕಲಾವಿದರನ್ನ ಉತ್ಸವದ ವೇದಿಕೆ ಮೇಲೆ ಶಾಲು ಹೊದಿಸಿ ಕಳಿಸಿ, ಊರಿನ ಹೋಟೆಲಲ್ಲಿ ಬೇರೆ ಲೋಟ ಇಡೋದನ್ನ ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

1976ರ ಅಕ್ಟೋಬರಿನಲ್ಲಿ ಇವರಿಬ್ಬರು 'ಸಿಜ್ವೆ ಬಾನ್ಜಿ'ಯನ್ನ ಟ್ರಾನ್ಸ್‌ಕೈಗೆ ತಗೊಂಡು ಹೋದರು. ಟ್ರಾನ್ಸ್‌ಕೈ ಅಂದ್ರೆ ವರ್ಣಭೇದ ಸರ್ಕಾರ ಕರಿಯರಿಗೆ ಅಂತ ಗೆರೆ ಎಳೆದು ಕೊಟ್ಟ ನಾಡು. ಅದೇ ತಿಂಗಳು 26ಕ್ಕೆ ಅದಕ್ಕೆ ಸ್ವಾತಂತ್ರ್ಯ ಘೋಷಣೆ. ಹುನ್ನಾರ ಏನಂದ್ರೆ, ಅಲ್ಲಿಯವರನ್ನೆಲ್ಲ ಪರದೇಶಿಗಳು ಅಂತ ಮಾಡಿಬಿಟ್ರೆ ಸ್ವಂತ ನೆಲದ ಮೇಲೇ ಹಕ್ಕು ಕೇಳುವ ಹಾಗಿಲ್ಲ. ಆ ನಾಟಕದಲ್ಲಿ ಬೀದಿಯಲ್ಲಿ ಬಿದ್ದ ಅನಾಥ ಹೆಣದ ಕಿಸೆಯಿಂದ ಪಾಸ್‌ಬುಕ್ ತಗೊಂಡು, ಸತ್ತವನ ಹೆಸರಲ್ಲಿ ಬದುಕುವ ಒಬ್ಬ ಕೂಲಿಯ ಕತೆ ಇದೆ. ಮತ್ತೆ ಹೆಣ, ನೋಡಿ. ನಾಟಕ ಆದ ಮೇಲೆ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. ಹೊರದೇಶಗಳಲ್ಲಿ ಪ್ರತಿಭಟನೆಗಳಾದವು. ಬಿಡುಗಡೆ ಮಾಡಬೇಕಾಯ್ತು. ನಕಲಿ ಗಡಿಯೊಳಗೆ ಹಿಡಿದವರನ್ನ ನಿಜವಾದ ಗಡಿಯಾಚೆಯ ಗದ್ದಲ ಬಿಡಿಸಿತು.

1985ರಲ್ಲಿ ಜಾನ್ ಕಾನಿಯ ತಮ್ಮನನ್ನ ಪೊಲೀಸರು ಗುಂಡಿಟ್ಟು ಕೊಂದರು. ಅವನು ಸತ್ತದ್ದು ಒಂದು ಮಗುವಿನ ಶವಸಂಸ್ಕಾರದಲ್ಲಿ. ಆ ತಮ್ಮನ ನೆನಪಿಗೆ ಕಾನಿ 2002ರಲ್ಲಿ 'ನಥಿಂಗ್ ಬಟ್ ದ ಟ್ರೂತ್' ಬರೆದರು. ಅದರಲ್ಲಿ ಪರದೇಶದಲ್ಲಿ ಸತ್ತ ತಮ್ಮನ ಅವಶೇಷ ಹೂಳಲಿಕ್ಕೆ ಕಾಯುವ ಅಣ್ಣನ ಪಾತ್ರ ಅವರೇ ಮಾಡಿದರು.

ಎಲ್ಲ ಪ್ರದರ್ಶನಗಳೂ ಹೀಗಿರಲ್ಲ ಅನ್ನೋದನ್ನೂ ಹೇಳಬೇಕು. 1944ರ ಫೆಬ್ರವರಿಯಲ್ಲಿ, ಪ್ಯಾರಿಸ್ ಇನ್ನೂ ಹಿಟ್ಲರನ ಸೈನ್ಯದ ಕೈಲಿದ್ದಾಗ, ಜಾನ್ ಅನುಯಿ ತನ್ನ ಅಂತಿಗೊನೆ ಆಡಿಸಿದ. ಜರ್ಮನ್ ಸೆನ್ಸಾರು ಒಪ್ಪಿಗೆ ಕೊಟ್ಟಿತ್ತು. ಪ್ರತಿರೋಧದ ಪರ ಇದ್ದವರು ಅಂತಿಗೊನೆಗೆ ಚಪ್ಪಾಳೆ ಹೊಡೆದರು, ಆಳುವವರ ಪರ ಇದ್ದವರು ಕ್ರಿಯೋನ್‌ಗೆ. ಅವನ ಕ್ರಿಯೋನ್ ಅಷ್ಟು ಸಮಂಜಸ ಮನುಷ್ಯ. ಚೆನ್ನಾಗಿ ಕಟ್ಟಿದ ನಾಟಕ, ಅನುಮಾನ ಇಲ್ಲ. ಆದರೆ ಎರಡೂ ಕಡೆಯವರು ಸಮಾಧಾನವಾಗಿ ಮನೆಗೆ ಹೋಗುವ ಹಾಗೆ ಕ್ಲಾಸಿಕ್ ಮಾಡೋದು ಎಷ್ಟು ಸುಲಭ ಅನ್ನೋದಕ್ಕೂ ಅದೇ ಸಾಕ್ಷಿ. ಬ್ರೆಕ್ಟ್ ಅದನ್ನ ಒಪ್ಪಲಿಲ್ಲ. 1948ರಲ್ಲಿ ಸ್ವಿಟ್ಜರ್ಲೆಂಡಿನ ಖೂರ್ ಎಂಬ ಸಣ್ಣ ಊರಿನಲ್ಲಿ ಆಡಿಸುವಾಗ, ಶುರುವಿಗೇ 1945ರ ಬರ್ಲಿನ್ನಿನ ಇಬ್ಬರು ಅಕ್ಕತಂಗಿಯರನ್ನ ತಂದು ನಿಲ್ಲಿಸಿದ. ಸೈನ್ಯ ಬಿಟ್ಟು ಓಡಿಬಂದ ಅವರ ತಮ್ಮ ಬಾಗಿಲ ಹೊರಗೆ ನೇಣಿಗೆ ತೂಗ್ತಿದ್ದಾನೆ. ಯಾರ ಹೆಣ ಅನ್ನೋ ಪ್ರಶ್ನೆಯಿಂದ ಅಲ್ಲಿ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆಮೇಲೂ ಇದು ನಿಂತಿಲ್ಲ. ಅರ್ಜೆಂಟೀನಾದಲ್ಲಿ ಸೈನ್ಯದ ಆಳ್ವಿಕೆ ಸಾವಿರಾರು ಜನರನ್ನ ಹೆಣವೂ ಸಿಗದಂತೆ ಮಾಯ ಮಾಡಿದ ಮೇಲೆ, 1986ರಲ್ಲಿ ಗ್ರಿಸೆಲ್ಡಾ ಗಂಬಾರೊ ಅನ್ನೋ ಲೇಖಕಿ ತನ್ನ ಅಂತಿಗೊನೆಯನ್ನ ಬರೆದಳು. ಅಮೆರಿಕದ ಫರ್ಗುಸನ್‌ನಲ್ಲಿ 2014ರ ಆಗಸ್ಟ್ 9ರಂದು ಪೊಲೀಸನೊಬ್ಬ ಗುಂಡಿಟ್ಟು ಕೊಂದ ಕರಿಯ ಹುಡುಗ ಮೈಕೆಲ್ ಬ್ರೌನ್‌ನ ಹೆಣ ನಡುಬೀದಿಯಲ್ಲಿ ನಾಲ್ಕು ಗಂಟೆ ಬಿಸಿಲಲ್ಲಿ ಬಿದ್ದಿತ್ತು. 2016ರಲ್ಲಿ ಅವನು ಓದಿದ್ದ ಹೈಸ್ಕೂಲಿನಲ್ಲೇ 'ಆಂಟಿಗೊನಿ ಇನ್ ಫರ್ಗುಸನ್' ಓದಿ ಹಾಡಿದರು. ಮೇಳದಲ್ಲಿ ಮೇಷ್ಟ್ರುಗಳ ಜತೆ ಪೊಲೀಸರೂ ನಿಂತು ಹಾಡಿದ್ದಾರೆ. ಅದರ ಬಗ್ಗೆ ನನಗೆ ಅನುಮಾನಗಳಿವೆ. ಗಾಯ ಮಾಯಿಸೋದು ಅನ್ನೋ ಹೆಸರಲ್ಲಿ ಲೆಕ್ಕ ಚುಕ್ತಾ ಮಾಡೋ ಆತುರ ಅಲ್ಲಿ ಇದ್ದ ಹಾಗಿದೆ.

ಇನ್ನೊಂದು ಉದಾಹರಣೆ ಅಂತಿಗೊನೆಯದಲ್ಲ, ಯೂರಿಪಿಡಿಸ್‌ನ ಟ್ರಾಯ್ ಹೆಂಗಸರ ನಾಟಕದ್ದು. ಸಿರಿಯಾದ ಯುದ್ಧದಿಂದ ಓಡಿಬಂದು ಜೋರ್ಡಾನಿನಲ್ಲಿದ್ದ ನಿರಾಶ್ರಿತ ಹೆಂಗಸರು 2013ರ ಕೊನೆಗೆ ಅಮ್ಮಾನಿನಲ್ಲಿ ಅದನ್ನ ಆಡಿದರು, ನಡುನಡುವೆ ತಮ್ಮದೇ ಕತೆ ಸೇರಿಸಿ. ಮರುವರ್ಷ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಕರೆಯಿತು. ಅಮೆರಿಕ ವೀಸಾ ಕೊಡಲಿಲ್ಲ. ಯೂರಿಪಿಡಿಸ್‌ಗೆ ಎಲ್ಲ ದೇಶದ ವೀಸಾ ಇದೆ. ಅವನ ಮಾತನ್ನ ಬದುಕಿದವರು ಮಾತ್ರ ವಿಡಿಯೋದಲ್ಲೇ ಕಾಣಿಸಿಕೊಳ್ಳಬೇಕಾಯ್ತು.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಈ ನಾಟಕ ನಮ್ಮ ಕಡೆ ಬಂದಾಗ ಬೇರೆ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಗ್ರೀಕ್ ನಾಟಕದಲ್ಲಿ ಗುಂಡಿ ತೋಡುವವರು ಯಾರು ಅಂತ ಯಾರೂ ಕೇಳಲ್ಲ. ನಮ್ಮ ಊರುಗಳಲ್ಲಿ ಅದು ಗೊತ್ತಿರುವ ವಿಷಯ. ಸಾವಿನ ಸುದ್ದಿ ಊರೂರಿಗೆ ಮುಟ್ಟಿಸಿದವರು, ತಮಟೆ ಬಡಿದವರು, ಗುಂಡಿ ತೋಡಿದವರು ನಮ್ಮ ಅಪ್ಪಂದಿರು, ತಾತಂದಿರು. ರಾಘವಾಂಕನ ಹರಿಶ್ಚಂದ್ರ ಸುಡುಗಾಡು ಕಾಯಲಿಕ್ಕೆ ನಿಂತದ್ದು ವೀರಬಾಹುವಿನ ಆಳಾಗಿ. ಸುಡುಗಾಡಿನ ಒಡೆತನ ಕಾವ್ಯದಲ್ಲಿ ನಮ್ಮವನದು. ಕಂದಾಯ ಇಲಾಖೆಯ ಪಹಣಿಯಲ್ಲಿ ಮಾತ್ರ ನಮ್ಮ ಎಷ್ಟೋ ಕೇರಿಗಳಿಗೆ ಹೂಳಲಿಕ್ಕೆ ಒಂದು ಗುಂಟೆ ಇಲ್ಲ. ಇದ್ದರೂ ಹೋಗಲಿಕ್ಕೆ ದಾರಿ ಇಲ್ಲ, ದಾರಿ ಯಾರದೋ ಗದ್ದೆಯ ಬದು. ನಮ್ಮ ಕಡೆಯೂ ಒಮ್ಮೆ ಒಬ್ಬ ಅಜ್ಜಿಯ ಹೆಣವನ್ನ ತಾಲ್ಲೂಕು ಕಚೇರಿ ಮುಂದೆ ಇಟ್ಟುಕೊಂಡು ಬೆಳಗಿನಿಂದ ಸಂಜೆ ತನಕ ಕೂತಿದ್ದೆವು. ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದು, ಹೆಣ ಇಟ್ಕೊಂಡು ರಾಜಕೀಯ ಮಾಡಬೇಡ್ರಿ ಅಂದರು. ಹೆಣ ಹೂಳಲು ಜಾಗ ಕೊಡದಿರೋದು ರಾಜಕೀಯ ಅಲ್ಲವಂತೆ.

ಮತ್ತೆ ಹಾಥರಸ್. 2020ರ ಸೆಪ್ಟೆಂಬರ್ 29ರಂದು ಆ ಹುಡುಗಿ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. 30ರ ನಸುಕಿನಲ್ಲಿ, ಎರಡೂವರೆ ಗಂಟೆ ಸುಮಾರಿಗೆ, ಪೊಲೀಸರೇ ಹೊಲದಲ್ಲಿ ಸುಟ್ಟುಹಾಕಿದರು. ತಾಯಿ ಗಾಡಿಗೆ ಅಡ್ಡ ಬಿದ್ದು ಅಳೋದನ್ನ ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಮಗಳ ಮುಖವನ್ನ ಕೊನೆಯ ಸಲ ನೋಡಲೂ ಬಿಡಲಿಲ್ಲ, ಮನೆಯೊಳಗೆ ಕೂಡಿಹಾಕಿದರು ಅಂತ ಮನೆಯವರು ಹೇಳಿದರು. ಬೆಳಗಾದ್ರೆ ದೊಡ್ಡ ಗಲಭೆ ಆಗುವ ಸಂಭವ ಇತ್ತು, ಅದಕ್ಕೇ ರಾತ್ರಿ ಸುಡಬೇಕಾಯ್ತು ಅಂತ ಉತ್ತರ ಪ್ರದೇಶ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಇದು ಕ್ರಿಯೋನ್‌ನದೇ ವಾದ: ಊರಿನ ಶಾಂತಿ ದೊಡ್ಡದು. ಅಲಹಾಬಾದ್ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಗೌರವದ ಅಂತ್ಯಸಂಸ್ಕಾರದ ಹಕ್ಕು ಅಂತಲೇ ಅದಕ್ಕೆ ಹೆಸರಿಟ್ಟಿತು. 2023ರ ಮಾರ್ಚಿನಲ್ಲಿ ಅಲ್ಲಿಯ ವಿಶೇಷ ನ್ಯಾಯಾಲಯ ನಾಲ್ವರು ಆರೋಪಿಗಳಲ್ಲಿ ಮೂವರನ್ನ ಬಿಟ್ಟಿತು, ಒಬ್ಬನಿಗೆ ಜೀವಾವಧಿ ಆಯ್ತು.

ಇಲ್ಲಿ ಕ್ರಿಯೋನ್ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಅವನು ಹೂಳಬೇಡ ಅಂದ, ಇವರು ತಾವೇ ಸುಟ್ಟು ಮುಗಿಸಿದರು. ಹಿಡಿ ಮಣ್ಣು ಹಾಕಲಿಕ್ಕೂ ಅಂತಿಗೊನೆಗೆ ಏನೂ ಉಳಿಸಲಿಲ್ಲ. ನಮ್ಮ ನಾಡಿನಲ್ಲಿ ಈ ನಾಟಕ ಆಡುವವರು ಯಾರೇ ಇರಲಿ, ಇದಕ್ಕೆ ಹೊಸದಾಗಿ ಏನಾದರೂ ಬರೆಯಲೇಬೇಕಾಗುತ್ತೆ. ಸೋಫೋಕ್ಲಿಸ್‌ನಲ್ಲಿ ಇದಕ್ಕೆ ದೃಶ್ಯ ಇಲ್ಲ.

'ಐಲ್ಯಾಂಡ್' ಆಡಲಿಕ್ಕೆ ಇಬ್ಬರು ಸಾಕು. ಎರಡು ಕಂಬಳಿ, ಒಂದು ಬಕೆಟ್ಟು, ಒಂದು ಲೋಟ, ಒಂದಿಷ್ಟು ಹಗ್ಗ. ಅಂಬೇಡ್ಕರ್ ಭವನದ ಲೈಟು, ಮೈಕಿನ ಬಾಡಿಗೆಯೂ ಬೇಡ, ಕೇರಿಯ ಅರಳಿಕಟ್ಟೆ ಆದೀತು. ವಿನ್‌ಸ್ಟನ್ ಎನ್‌ಚೋನಾ 2018ರಲ್ಲಿ ತೀರಿಕೊಂಡರು, ಫ್ಯುಗಾರ್ಡ್ 2025ರ ಮಾರ್ಚಿನಲ್ಲಿ. ಆಡುವ ಆಸಕ್ತಿ ಇರುವ ತಮ್ಮಂದಿರು, ತಂಗಿಯರು ಇನ್‌ಬಾಕ್ಸಿಗೆ ಬನ್ನಿ. ತಂಗಿಯರು ಮುಖ್ಯವಾಗಿ ಬನ್ನಿ, ನಮ್ಮಲ್ಲಿ ಅಂತಿಗೊನೆಗೆ ಹಗ್ಗದ ಕೂದಲು ಬೇಕಾಗಿಲ್ಲ.

ಜೈ ಭೀಮ್.